"ಬುಕ್ಕು ತಂದಿಲ್ಲ ಸರ್": ಮಕ್ಕಳು ಕಲಿಯೋಕೆ ಯಾಕೆ ಒಲ್ಲೆ ಅನ್ನುತ್ತಾರೆ?

ಬೋರ್ಡು ಡಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಈ ವಿಷಯವನ್ನು ಸ್ಟಾಫ್ ರೂಮಿನಲ್ಲಿ ಎತ್ತಿದರೆ "ಅವಕ್ಕೆ ಓದೋ ಮನಸ್ಸಿಲ್ಲ ಬಿಡಿ" ಅಂತ ಒಂದೇ ಮಾತಿನಲ್ಲಿ ಮುಗಿದು ಹೋಗುತ್ತದೆ. ಇಲ್ಲಾದರೂ ಸ್ವಲ್ಪ ಉದ್ದಕ್ಕೆ ಮಾತಾಡೋಣ ಅಂತ ಬಂದೆ.

9ನೇ ಕ್ಲಾಸಿನಲ್ಲಿ ನಾನು ನೋಡುವುದು ಹೀಗಿದೆ. ಒಬ್ಬ ಬುಕ್ಕೇ ತರುವುದಿಲ್ಲ. ಇನ್ನೊಬ್ಬ ತರುತ್ತಾನೆ, ಪೆನ್ನಿನಲ್ಲಿ ರೀಫಿಲ್ ಇರುವುದಿಲ್ಲ. ಬೋರ್ಡಿಗೆ ಬಾ ಅಂದ ತಕ್ಷಣ ಒಬ್ಬಳಿಗೆ ನೀರು ಕುಡಿಯೋಕೆ ಹೋಗಬೇಕು. ಇವರೆಲ್ಲ ಕಣ್ಣಿಗೆ ಬೀಳುವವರು. ಕಣ್ಣಿಗೆ ಬೀಳದ ಇನ್ನೊಂದು ಗುಂಪಿದೆ. ತಂಟೆ ಇಲ್ಲ, ತಕರಾರಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಮುದ್ದಾದ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಾರೆ. ಮಾರ್ಜಿನ್ನಿಗೆ ಕೆಂಪು ಗೆರೆ, ತಲೆಬರಹಕ್ಕೆ ಎರಡು ಗೆರೆ. ಬುಕ್ಕು ಮುಚ್ಚಿಸಿ ಅದೇ ಲೆಕ್ಕ ಕೊಡಿ, ಪೆನ್ನು ಕದಲುವುದಿಲ್ಲ. ನನ್ನ ಪ್ರಕಾರ ಇದೂ ಒಲ್ಲೆ ಅನ್ನುವುದೇ. ಸದ್ದಿಲ್ಲದ ಒಲ್ಲೆ, ಅಷ್ಟೇ.

ಜೂನ್ ತಿಂಗಳ ಸೇತುಬಂಧದಲ್ಲಿ, ಅಂದರೆ ಹೊಸ ಪಾಠಕ್ಕೆ ಮುಂಚೆ ಹಿಂದಿನ ಕ್ಲಾಸಿನದ್ದನ್ನು ನೆನಪಿಸುವ ದಿನಗಳಲ್ಲಿ, ಒಬ್ಬ ಹುಡುಗನ ಹಾಳೆ ನೋಡಿದೆ. ಕ್ಲಾಸಿನಲ್ಲಿ ಜಾಸ್ತಿ ಗಲಾಟೆ ಇವನದೇ. 45 − 17 ಕ್ಕೆ 32 ಅಂತ ಬರೆದಿದ್ದ. ಬಿಡಿ ಸ್ಥಾನದಲ್ಲಿ 5ರಿಂದ 7 ಕಳೆಯೋಕೆ ಆಗಲ್ಲ, ಹಾಗಾಗಿ 7ರಿಂದ 5 ಕಳೆದಿದ್ದಾನೆ. ಅದರ ಕೆಳಗೆ −3 − 5 = +8. ಯಾಕೋ ಅಂತ ಕೇಳಿದೆ. "ಮೈನಸ್ ಮೈನಸ್ ಪ್ಲಸ್ ಅಲ್ವಾ ಸರ್?" ಅಂದ. ಗುಣಾಕಾರದಲ್ಲಿ ಕಲಿತ ನಿಯಮವನ್ನು ಇಲ್ಲಿಗೆ ತಂದು ಅಂಟಿಸಿದ್ದಾನೆ. ಗಮನಿಸಿ, ಎರಡೂ ಉತ್ತರ ತಪ್ಪು, ಆದರೆ ಎರಡರಲ್ಲೂ ಅವನು ಯೋಚನೆ ಮಾಡಿದ್ದಾನೆ. ಇಂಥವನ ಮುಂದೆ ನಾನು ಬಹುಪದೋಕ್ತಿಗಳ ಅಧ್ಯಾಯ ತೆಗೆದು ನಿಂತರೆ ಅವನು ಬುಕ್ಕು ಯಾಕೆ ತರಬೇಕು?

ಮಾರ್ಟಿನ್ ಕೋವಿಂಗ್ಟನ್ ಅಂತ ಅಮೆರಿಕದ ಮನಃಶಾಸ್ತ್ರಜ್ಞರೊಬ್ಬರು 1970ರ ದಶಕದಿಂದಲೇ ಇದನ್ನು ಅಭ್ಯಾಸ ಮಾಡಿದವರು. ಅವರ ವಾದ ಸರಳ. ಓದಿ ಫೇಲಾದರೆ ಮಗು ದಡ್ಡ ಅನ್ನಿಸಿಕೊಳ್ಳುತ್ತದೆ. ಓದದೆ ಫೇಲಾದರೆ ಸೋಮಾರಿ ಅನ್ನಿಸಿಕೊಳ್ಳುತ್ತದೆ. ಹದಿನಾಲ್ಕು ವರ್ಷದವನಿಗೆ, ಅದೂ ಗೆಳೆಯರ ಮುಂದೆ, ಸೋಮಾರಿ ಅನ್ನಿಸಿಕೊಳ್ಳುವುದೇ ಎಷ್ಟೋ ವಾಸಿ. "ಓದಿಲ್ಲ ಸರ್" ಅಂದರೆ ಎರಡು ಬೈಗುಳಕ್ಕೆ ಮುಗಿಯಿತು. "ಓದಿದೆ, ಬರಲಿಲ್ಲ" ಅನ್ನೋಕೆ ಗಂಡೆದೆ ಬೇಕು.

ನಿಮ್ಮ ಕ್ಲಾಸಿನಲ್ಲಿ, ಮನೆಯಲ್ಲಿ ಏನು ನೋಡಿದ್ದೀರಿ ಹೇಳಿ.

ಕಡಕ್ ಚಹಾ

ಸರ್, ಕೇಳೋಕೆ ಚೆನ್ನಾಗಿದೆ. ಆದರೆ ಇದು ಮಕ್ಕಳಿಗೆ ನಾವೇ ವಕೀಲಿಕೆ ಮಾಡಿದಂತೆ ಆಗಲಿಲ್ಲವೇ? ನಾನು ಧಾರವಾಡದ ಕಡೆ ಒಂದು ಅನುದಾನಿತ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಎಂಟನೇ ಕ್ಲಾಸಿನವರೆಗೆ ಯಾರನ್ನೂ ಫೇಲ್ ಮಾಡುವುದಿಲ್ಲ ಅಂತ ಹುಡುಗರಿಗೂ ಗೊತ್ತು, ಮನೆಯವರಿಗೂ ಗೊತ್ತು. ರಾತ್ರಿ ಹನ್ನೆರಡರವರೆಗೆ ರೀಲ್ಸ್, ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ತೂಕಡಿಕೆ. ಇದಕ್ಕೆ ಅಮೆರಿಕದ ಮನಃಶಾಸ್ತ್ರ ಯಾಕೆ ಬೇಕು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ. 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. 2025ರ ಪರೀಕ್ಷೆ-1ರಲ್ಲಿ 62.34. ಕ್ಯಾಮೆರಾ ಕಂಡ ಕೂಡಲೇ ಇಷ್ಟು ಕುಸಿದರೆ, ಅಲ್ಲಿಯವರೆಗೆ ಏನು ನಡೆದಿತ್ತು ಅಂತ ಬಿಡಿಸಿ ಹೇಳಬೇಕಾ? ಹೆದರಿಕೆ ಇಲ್ಲದ ಕಡೆ ಕಲಿಕೆ ಇಲ್ಲ. ಕಟುವಾಗಿ ಕೇಳಿಸಿದರೂ ನನ್ನ ಅನುಭವ ಇದೇ.

ಬೋರ್ಡು ಡಸ್ಟರ್

@ಕಡಕ್ ಚಹಾ, ನೀವು ಕೊಟ್ಟ ಅಂಕಿಯನ್ನೇ ಹಿಡಿದು ಮಾತಾಡುತ್ತೇನೆ. 2024ರ ಮಕ್ಕಳು ಆ ಒಂದು ವರ್ಷದಲ್ಲಿ ಏಕಾಏಕಿ ಸೋಮಾರಿಗಳಾದರಾ? ಇಲ್ಲ. ಐದಾರು ವರ್ಷದಿಂದ ಮುಚ್ಚಿಟ್ಟದ್ದು ಹೊರಗೆ ಬಂತು. ಮುಚ್ಚಿಟ್ಟವರು ಮಕ್ಕಳು ಮಾತ್ರ ಅಲ್ಲ ಅನ್ನುವುದು ನಿಮಗೂ ಗೊತ್ತು.

ಫೇಲ್ ವಿಷಯಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಅದರ 16ನೇ ಸೆಕ್ಷನ್ ಫೇಲ್ ಮಾಡಬೇಡಿ ಅಂದಿತು. 2019ರ ತಿದ್ದುಪಡಿ ಆದ ಮೇಲೆ 5 ಮತ್ತು 8ನೇ ಕ್ಲಾಸಿನಲ್ಲಿ ತಡೆಹಿಡಿಯುವ ಅವಕಾಶ ಸರ್ಕಾರಗಳಿಗೆ ಸಿಕ್ಕಿದೆ. ಸರಿ, ನನ್ನ ಆ ಹುಡುಗನನ್ನು 8ರಲ್ಲೇ ಕೂರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಅವನ ಗಂಟು ಇರುವುದು 2ನೇ ಕ್ಲಾಸಿನ ಕಳೆಯುವ ಲೆಕ್ಕದಲ್ಲಿ ಮತ್ತು 7ನೇ ಕ್ಲಾಸಿನ ಪೂರ್ಣಾಂಕದಲ್ಲಿ. ನೀವು ಇನ್ನೊಂದು ವರ್ಷ 8ನೇ ಕ್ಲಾಸಿನ ಪಾಠವನ್ನೇ ಕೇಳಿಸುತ್ತೀರಿ. ಅದರಿಂದ ಗಂಟು ಬಿಡುತ್ತದಾ?

ಮೊಬೈಲಿನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ನಿದ್ದೆಗೆಟ್ಟ ಮಗುವಿಗೆ ಯಾರು ಪಾಠ ಮಾಡಿದರೂ ಅಷ್ಟೇ. ಆದರೆ ಮೊಬೈಲ್ ಬರುವ ಮುಂಚೆಯೂ ಕೊನೇ ಬೆಂಚು ಇತ್ತಲ್ಲ ಸರ್.

ನಲಿಕಲಿ ಟೀಚರ್

ನಾನು ಪ್ರೈಮರಿಯವಳು, ಮೈಸೂರು ಜಿಲ್ಲೆ. 45ರಿಂದ 17 ಕಳೆಯುವ ಕಥೆ ಓದಿ ನಗು ಬಂತು, ಸಂಕಟವೂ ಆಯಿತು. ಅದರ ಬೇರು ಇರುವುದು ನಮ್ಮ ಕಡೆಯೇ. ಒಂದನೇ ಕ್ಲಾಸಿನಲ್ಲಿ "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳಿ" ಅಂತ ಹೇಳಿಕೊಟ್ಟುಬಿಡುತ್ತಾರೆ. ಬಿಡಿ ಅಂಕಿ ಇರುವಾಗ ಅದು ಸರಿ. ಎರಡಂಕಿ ಬಂದಾಗ ಮಗು ಹೇಳಿದ್ದನ್ನೇ ಪಾಲಿಸುತ್ತದೆ. ಹತ್ತು ಕಡ್ಡಿಯ ಕಟ್ಟು ಕೊಟ್ಟು, ರಬ್ಬರ್ ಬ್ಯಾಂಡ್ ಬಿಚ್ಚಿಸಿ, ಐದರ ಜೊತೆ ಆ ಹತ್ತನ್ನು ಸೇರಿಸಿ ಎಣಿಸಿಸಿದರೆ ಮಾತ್ರ ದಶಕ ಪಡೆಯುವುದು ಏನು ಅಂತ ಕೈಗೆ ತಿಳಿಯುತ್ತದೆ. ಬರೀ ಬೋರ್ಡಿನ ಮೇಲೆ "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂದರೆ ಆ ಒಂದು ಬಂದು ಹತ್ತು ಯಾಕಾಯಿತು ಅಂತ ಮಗುವಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ವಿಷಯ. ನಲಿಕಲಿ ಅಂದರೆ 1ರಿಂದ 3ನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ. ಅದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿಕೊಂಡು ಬಂದು ನಮ್ಮ ಶಿಕ್ಷಕರೇ ಕಟ್ಟಿದ್ದು. ಅದರಲ್ಲಿ ಕಲಿಕಾ ಏಣಿ ಇರುತ್ತದೆ, ಕಾರ್ಡುಗಳು ಇರುತ್ತವೆ. ಮಗು ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ. ವಾರ ರಜ ಹಾಕಿ ಬಂದರೂ ಬಿಟ್ಟ ಕಾರ್ಡಿನಿಂದಲೇ ಶುರು. ಪಕ್ಕದವಳು ನನಗಿಂತ ಮುಂದಿದ್ದಾಳೆ ಅಂತ ಮಗುವಿಗೆ ಗೊತ್ತಿರುತ್ತದೆ, ಆದರೆ ಅದರಿಂದ ತಲೆ ತಗ್ಗಿಸಬೇಕಾಗಿಲ್ಲ.

ಎಲ್ಲ ಸೊಗಸಾಗಿದೆ ಅಂತ ನಾನು ಹೇಳುತ್ತಿಲ್ಲ. ಮೂರು ಕ್ಲಾಸನ್ನು ಒಬ್ಬಳೇ ನೋಡಿಕೊಳ್ಳಬೇಕು, ಕಾರ್ಡು ಹರಿದಿರುತ್ತವೆ, ನಡುವೆ ಮಾಹಿತಿ ಕೊಡಿ ಅಂತ ಸಿಆರ್‌ಪಿ (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು) ಫೋನು. ಆದರೂ ನನ್ನ ಕೋಣೆಯಲ್ಲಿ "ನನಗೆ ಬರಲ್ಲ ಮಿಸ್" ಅನ್ನುವ ಮಗು ತೀರಾ ಕಡಿಮೆ. ನಾಲ್ಕನೇ ಕ್ಲಾಸಿಗೆ ಹೋದ ಮೇಲೆ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಟ. ಆಗಿನಿಂದ ಆ ಮಾತು ಶುರುವಾಗುತ್ತದೆ. ಇದು ನನ್ನ ಕಣ್ಣಳತೆ ಅಷ್ಟೇ, ಅಧ್ಯಯನ ಅಲ್ಲ.

ಮತ್ತೆ ಕೊರೋನಾ ಮರೆಯಬೇಡಿ. 2025-26ರಲ್ಲಿ 9ನೇ ಕ್ಲಾಸಿನಲ್ಲಿರುವ ಮಕ್ಕಳು 2020ರ ಮಾರ್ಚಿನಲ್ಲಿ ಮೂರನೇ ಕ್ಲಾಸು. 1ರಿಂದ 5ನೇ ಕ್ಲಾಸಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಅಂದರೆ ನಾಲ್ಕನೇ ಕ್ಲಾಸು ಪೂರ್ತಿ ಹೋಯಿತು. ಭಾಗಾಕಾರ, ಭಿನ್ನರಾಶಿ ಗಟ್ಟಿಯಾಗುವ ವರ್ಷ ಅದು. ಆಮೇಲೆ ಆ ನಷ್ಟ ತುಂಬೋಕೆ ಸರ್ಕಾರದ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು ನಿಜ. ಆಗ ಅವರು ಆರನೇ ಕ್ಲಾಸಿಗೆ ಬಂದಾಗಿತ್ತು.

ಒಬ್ಬ ಅಪ್ಪ

ನಾನು ಟೀಚರ್ ಅಲ್ಲ, ಬೆಂಗಳೂರಿನಲ್ಲಿ ಕೆಲಸ. ಮಗಳು ಆರನೇ ಕ್ಲಾಸು, ಖಾಸಗಿ ಶಾಲೆ. ಗಣಿತದ ಟೆಸ್ಟ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು. ಮೊದಲು ನಾಟಕ ಅಂದುಕೊಂಡಿದ್ದೆವು. ಡಾಕ್ಟರು ನೋಡಿ, ನೋವು ನಿಜವೇ ಇರಬಹುದು, ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ ಅಂದರು. ಅವಳ ಕ್ಲಾಸಿನಲ್ಲಿ ಟೆಸ್ಟ್ ಪೇಪರ್ ಕೊಡುವಾಗ ಮಾರ್ಕ್ಸ್ ಜೋರಾಗಿ ಓದುತ್ತಾರಂತೆ, ಕಡಿಮೆ ಬಂದವರದ್ದು ಕೊನೆಗೆ. ಕೊನೆ ಕೊನೆಗೆ ಹೆಸರು ಬರುವುದನ್ನು ಕಾಯುತ್ತಾ ಕೂರುವುದು ಹೇಗಿರುತ್ತದೆ ಅಂತ ಅವಳೇ ಹೇಳಿದಳು.

80 ಮಾರ್ಕ್ಸ್ ತೆಗೆದರೆ ಸೈಕಲ್ ಕೊಡಿಸುತ್ತೇನೆ ಅಂತ ಹೇಳಿದ್ದೇನೆ. ಇನ್ನೊಂದು ಟ್ಯೂಷನ್ನಿಗೂ ಹಾಕಬೇಕಾ ಅಂತ ಯೋಚನೆ. ತಿಳಿದವರು ಹೇಳಿ.

ಲ್ಯಾಬ್ ಕೋಟು

@ಒಬ್ಬ ಅಪ್ಪ, ಸೈಕಲ್ ಕೊಡಿಸಿ ಸರ್, ಆದರೆ ಮಾರ್ಕ್ಸಿಗೆ ಗಂಟು ಹಾಕಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಅಮೆರಿಕದ ಒಂದು ನರ್ಸರಿಯಲ್ಲಿ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳನ್ನು ಆರಿಸಿ, ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂದರು. ಕೊಟ್ಟರೂ ಕೂಡ. ಕೆಲವು ದಿನ ಬಿಟ್ಟು ನೋಡಿದರೆ ಆ ಗುಂಪಿನ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಆಟ ಹೋಗಿ ಕೂಲಿ ಆಯಿತು. ಇದನ್ನು ಎಲ್ಲದಕ್ಕೂ ಅನ್ವಯಿಸೋಕೆ ಆಗಲ್ಲ, ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟ ಇತ್ತು. ನಿಮ್ಮ ಮಗಳಿಗೆ ಗಣಿತ ಈಗಾಗಲೇ ಕಹಿ. ಅವಳ ವಿಷಯದಲ್ಲಿ ನನ್ನ ಚಿಂತೆ ಬೇರೆ. 74 ಬಂತು ಅಂತ ಇಟ್ಟುಕೊಳ್ಳಿ. ಸೈಕಲ್ಲೂ ಇಲ್ಲ, ಮರ್ಯಾದೆಯೂ ಇಲ್ಲ.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ನಮ್ಮಲ್ಲಿ ಬರುವವರು ಪಿಯುಸಿ, ಸಿಇಟಿ ದಾಟಿ ಬಂದವರು. ದಡ್ಡರು ಅನ್ನೋಕೆ ಆಗಲ್ಲ. ಆದರೂ ಕಲಿಯೋಕೆ ಒಲ್ಲೆ ಅನ್ನುತ್ತಾರೆ, ಅದರ ರೂಪ ಬೇರೆ. ಪಾಠ ನಿಲ್ಲಿಸಿ "ಪಕ್ಕದವರ ಜೊತೆ ಸೇರಿ ಈ ಪ್ರಶ್ನೆ ಬಿಡಿಸಿ" ಅಂದರೆ ಮುಖ ಗಂಟಿಕ್ಕುತ್ತಾರೆ. "ಸರ್, ನೀವೇ ಹೇಳಿಬಿಡಿ", "ಸರ್, ನೋಟ್ಸ್ ಕೊಡಿ", "ಇದು ಎಕ್ಸಾಮಿಗೆ ಬರುತ್ತಾ?" ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕಿನಲ್ಲಿ "ಸರಿಯಾಗಿ ಪಾಠ ಮಾಡುವುದಿಲ್ಲ" ಅಂತ ಒಂದು ಗೀಟು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಹಾರ್ವರ್ಡ್‌ನಲ್ಲಿ ಆರಂಭಿಕ ಹಂತದ ಭೌತಶಾಸ್ತ್ರ ಕ್ಲಾಸಿನಲ್ಲಿ ಡೆಲೋರಿಯೆ ಮತ್ತು ಜೊತೆಗಾರರು ಇದನ್ನೇ ಅಳೆದು 2019ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಅಚ್ಚುಕಟ್ಟಾದ ಉಪನ್ಯಾಸ. ಇನ್ನೊಂದಕ್ಕೆ ಅದೇ ವಿಷಯ, ಆದರೆ ತಾವೇ ಬಿಡಿಸಬೇಕು. ಆಮೇಲೆ ಗುಂಪು ಅದಲು ಬದಲು. ಟೆಸ್ಟಿನಲ್ಲಿ ತಾವೇ ಬಿಡಿಸಿದವರು ಜಾಸ್ತಿ ತೆಗೆದರು. "ಎಷ್ಟು ಕಲಿತಿರಿ ಅನ್ನಿಸುತ್ತದೆ?" ಅಂತ ಕೇಳಿದರೆ ಉಪನ್ಯಾಸ ಕೇಳಿದವರೇ ಜಾಸ್ತಿ ಕಲಿತೆವು ಅಂದರು. ಚೆನ್ನಾಗಿ ಮಾತಾಡುವ ಮೇಷ್ಟ್ರ ಪಾಠ ಕೇಳುತ್ತಾ ಕೂತರೆ ಎಲ್ಲ ಅರ್ಥವಾದಂತೆ ಇರುತ್ತದೆ. ತಾನೇ ಬಿಡಿಸೋಕೆ ಹೋದರೆ ತನಗೆ ಏನು ಬರುವುದಿಲ್ಲ ಅನ್ನುವುದು ಕಣ್ಣೆದುರು ನಿಲ್ಲುತ್ತದೆ. ಆ ಕಸಿವಿಸಿಯನ್ನು ಹುಡುಗರು "ಕಲಿಯಲಿಲ್ಲ" ಅಂತ ಲೆಕ್ಕ ಹಾಕುತ್ತಾರೆ.

ನಾನೀಗ ಸೆಮಿಸ್ಟರ್ ಶುರುವಿನಲ್ಲೇ ಆ ಅಧ್ಯಯನದ ಗ್ರಾಫ್ ತೋರಿಸಿ, "ಈ ಕ್ಲಾಸಿನಲ್ಲಿ ನಿಮಗೆ ಕಿರಿಕಿರಿ ಆಗುತ್ತದೆ, ಆಗಲೇಬೇಕು" ಅಂತ ಹೇಳಿಬಿಡುತ್ತೇನೆ. ಗೊಣಗಾಟ ನಿಂತಿಲ್ಲ, ಸ್ವಲ್ಪ ಇಳಿದಿದೆ.

ಕಡಕ್ ಚಹಾ

ಲ್ಯಾಬ್ ಕೋಟು ಅವರು ಹೇಳಿದ್ದು ನನ್ನ ಕಡೆಗೇ ವಾಲುತ್ತದೆ ನೋಡಿ. ಕಷ್ಟ ಪಡಿಸಿದರೆ ಕಲಿಯುತ್ತಾರೆ, ಕಷ್ಟ ಅವರಿಗೆ ಬೇಡ. ಅದನ್ನೇ ಅಲ್ವಾ ನಾನು ಹೇಳಿದ್ದು?

ಲ್ಯಾಬ್ ಕೋಟು

ಅರ್ಧ ಒಪ್ಪುತ್ತೇನೆ ಸರ್. ಕಷ್ಟ ಬೇಕು. ಆದರೆ ಕೈಗೆಟಕುವ ಕಷ್ಟ ಇರಬೇಕು. ಬೋರ್ಡು ಡಸ್ಟರ್ ಹೇಳಿದ ಹುಡುಗನಿಗೆ ಬಹುಪದೋಕ್ತಿಯ ಭಾಗಾಕಾರ ಕಷ್ಟ ಅಲ್ಲ, ಅಸಾಧ್ಯ. ಅಸಾಧ್ಯದ ಮುಂದೆ ದಿನಾ ಕೂರಿಸಿದರೆ ಏನಾಗುತ್ತದೆ ಅಂತ ಅಮೆರಿಕದ ಮನಃಶಾಸ್ತ್ರಜ್ಞ ಸೆಲಿಗ್‌ಮನ್ 1967ರ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲದ ಕಡೆ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಸುಲಭವಾಗಿ ಜಿಗಿದು ಪಾರಾಗುವ ಅವಕಾಶ ಇದ್ದರೂ ಸುಮ್ನೆ ಮಲಗಿಬಿಟ್ಟವು. ನೀವು ಹೇಳುವ ಹೆದರಿಕೆ ಒಂದಷ್ಟು ಮಕ್ಕಳನ್ನು ಓಡಿಸುತ್ತದೆ, ಒಪ್ಪೋಣ. ದಾರಿ ಗೊತ್ತಿದ್ದವರನ್ನು ಮಾತ್ರ.

ಹತ್ತಿ ಸೀಮೆ

ಎಲ್ಲರ ಮಾತು ಓದಿದೆ. ನಾನು ಯಾದಗಿರಿ ಜಿಲ್ಲೆಯವನು, ಹೈಸ್ಕೂಲ್ ಶಿಕ್ಷಕ. ನಿಮ್ಮ ಚರ್ಚೆಯಲ್ಲಿ ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಾರೆ. ನಮ್ಮಲ್ಲಿ ಅದೇ ಮೊದಲ ಸಮಸ್ಯೆ.

ದಸರಾ ರಜ ಮುಗಿದ ಮೇಲೆ ಹತ್ತಿ ಬಿಡಿಸುವ ಸುಗ್ಗಿ. ಹುಡುಗಿಯರು ತಾಯಿ ಜೊತೆ ಹೊಲಕ್ಕೆ ಹೋಗುತ್ತಾರೆ. ಆ ಕೂಲಿ ಮನೆಗೆ ಬೇಕು. ಇನ್ನು ಕೆಲವರ ಮನೆಗೇ ಬೀಗ. ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗಿರುತ್ತಾರೆ. ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಅದೂ ಹೋಗುತ್ತದೆ. ಮರಳಿ ಬಂದಾಗ ಪಾಠ ಎಲ್ಲಿಗೋ ಮುಟ್ಟಿರುತ್ತದೆ. ಬಂದ ಮಗು ಎರಡು ದಿನ ಕಣ್ಣು ಬಿಟ್ಟು ನೋಡುತ್ತದೆ. ಮೂರನೇ ದಿನದಿಂದ ಕಿಟಕಿ ನೋಡುತ್ತದೆ. ಇದನ್ನು ಹಟ ಅಂತ ಕರೆಯೋಕೆ ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಕಾರಣ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಕ್ಕಳು ಲೆಕ್ಕ ಹಾಕುತ್ತಾರೆ. ಓಣಿಯಲ್ಲಿ ಡಿಗ್ರಿ ಮುಗಿಸಿದ ಅಣ್ಣ ಇದ್ದಾನೆ, ಕೆಲಸ ಇಲ್ಲ. ಅವನ ಓರಗೆಯವನು ಎಂಟಕ್ಕೆ ಬಿಟ್ಟವನು ಜೆಸಿಬಿ ಓಡಿಸುತ್ತಾನೆ, ಹೊಸ ಬೈಕ್ ತಂದಿದ್ದಾನೆ. "ಓದಿದರೆ ಉದ್ಧಾರ ಆಗುತ್ತೀ" ಅಂತ ನಾನು ಹೇಳಿದಾಗ ಹುಡುಗರು ನಗುವುದಿಲ್ಲ, ಅಷ್ಟು ಮರ್ಯಾದೆ ಕೊಡುತ್ತಾರೆ. ನಂಬುವುದೂ ಇಲ್ಲ. ಇದಕ್ಕೆ ಕಾರ್ಡು ಏಣಿ ಯಾವುದೂ ಉತ್ತರ ಅಲ್ಲ.

ಬೋರ್ಡು ಡಸ್ಟರ್

@ಹತ್ತಿ ಸೀಮೆ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಮರ್ಯಾದೆಯ ವಿಷಯ ನಾನು ಹೇಳಿದೆನಲ್ಲ, ಅದು ಹೊಟ್ಟೆ ತುಂಬಿ ಕ್ಲಾಸಿಗೆ ಬಂದು ಕೂತ ಮಗುವಿನ ಮಾತು. ನಿಮ್ಮ ಮಕ್ಕಳ ಲೆಕ್ಕ ತಪ್ಪು ಅಂತ ಹೇಳೋಕೂ ಬಾಯಿ ಬರುವುದಿಲ್ಲ. ಒಂದು ಕೇಳುತ್ತೇನೆ: ಗುಳೆಯಿಂದ ಬಂದ ಮಗುವನ್ನು ನೇರ ಪಾಠಕ್ಕೆ ಕೂರಿಸುತ್ತೀರಾ, ಅಥವಾ ಬೇರೆ ಏನಾದರೂ ವ್ಯವಸ್ಥೆ ಇದೆಯಾ?

ಹತ್ತಿ ಸೀಮೆ

ವ್ಯವಸ್ಥೆ ಅಂತ ಕಾಗದದಲ್ಲಿದೆ. ನಾನು ಮಾಡುವುದು ಇಷ್ಟೇ. ಅದೇ ಓಣಿಯ, ಚೆನ್ನಾಗಿ ಬರೆಯುವ ಒಬ್ಬ ಹುಡುಗಿಯ ಪಕ್ಕ ಕೂರಿಸುತ್ತೇನೆ. ಮೊದಲ ವಾರ ಪ್ರಶ್ನೆ ಕೇಳುವುದಿಲ್ಲ. ಹೋದ ಊರಿನ ಸುದ್ದಿ ಕೇಳುತ್ತೇನೆ. ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳಿಗೆ ಸಿಮೆಂಟ್ ಮರಳಿನ ಅನುಪಾತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದಕ್ಕೆ ಆರು ಪ್ಲಾಸ್ಟರಿಗೆ ಅಂತ ಒಬ್ಬ ಹೇಳಿದ, ಅಲ್ಲಿಂದಲೇ ಅನುಪಾತದ ಪಾಠ ಶುರು ಮಾಡಿದೆ.

ಕೊನೇ ಬೆಂಚು

ನಿಮ್ಮೆಲ್ಲರ ಮಾತಿನಲ್ಲಿ ಬರುವ "ಆ ಹುಡುಗ" ನಾನೇ ಅಂದುಕೊಳ್ಳಿ. ಈಗ ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇದೆ, ಮನೆ ವೈರಿಂಗ್ ಕೂಡ ಹಿಡಿಯುತ್ತೇನೆ. ಎಸ್‌ಎಸ್‌ಎಲ್‌ಸಿ ಗಣಿತ ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಬೇಕಾದಷ್ಟನ್ನೇ ಆರಿಸಿ ಉರು ಹೊಡೆಸುವುದು) ಪುಣ್ಯದಿಂದ ಪಾಸು. ಥೇಲ್ಸ್ ಪ್ರಮೇಯ ಉರು ಹೊಡೆದಿದ್ದೆ, ಈಗಲೂ ಬಾಯಿಗೆ ಬರುತ್ತದೆ. ಆದರೆ ತ್ರಿಭುಜಕ್ಕೆ ಎ, ಬಿ, ಸಿ ಅಂತಲೇ ಹೆಸರಿರಬೇಕಿತ್ತು. ಪ್ರಿಪರೇಟರಿಯಲ್ಲಿ ಪಿ, ಕ್ಯೂ, ಆರ್ ಅಂತ ಕೊಟ್ಟಿದ್ದರು, ಅದು ಬೇರೆ ಪ್ರಮೇಯ ಅಂದುಕೊಂಡು ಬಿಟ್ಟೆ. ನಗಬೇಡಿ, ನಮ್ಮ ಬೆಂಚಿನವರೆಲ್ಲ ಹಾಗೇ ಮಾಡಿದ್ದರು.

ಇವತ್ತು ಗಿರಾಕಿ ಎದುರಿಗೆ ನಿಂತಿರುವಾಗ ವೈರ್ ಎಷ್ಟು ಮೀಟರ್, ಡಿಸ್ಕೌಂಟ್ ಎಷ್ಟು, ಜಿಎಸ್‌ಟಿ ಸೇರಿ ಎಷ್ಟು ಅಂತ ಬಾಯಲ್ಲೇ ಹೇಳುತ್ತೇನೆ. 18 ಪರ್ಸೆಂಟ್ ಅಂದರೆ ಹತ್ತರಲ್ಲಿ ಒಂದು ಭಾಗ ತೆಗೆದು ಡಬಲ್ ಮಾಡಿ, ನೂರರಲ್ಲಿ ಎರಡು ಕಳೆಯುವುದು. 350ಕ್ಕೆ 35, 70, ಏಳು ಕಳೆದರೆ 63. ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಶಾಲೆಯಲ್ಲಿ ಹೀಗೆ ಮಾಡಿದ್ದರೆ "ಸ್ಟೆಪ್ಸ್ ಎಲ್ಲಿ?" ಅಂತ ಮಾರ್ಕ್ಸ್ ಕಟ್.

ನಾನು ಯಾಕೆ ಗಲಾಟೆ ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತಾಗ ಹಿಂದಿನಿಂದ ಹುಡುಗಿಯರು ಕಿಸಕ್ ಅಂತ ನಗುತ್ತಾರೆ. ಅದಕ್ಕಿಂತ ಮುಂಚೆಯೇ ಏನಾದರೂ ತಮಾಷೆ ಮಾಡಿ ನಾನೇ ನಗಿಸಿದರೆ ಹೊರಗೆ ನಿಲ್ಲಿಸುತ್ತಾರೆ. ಹೊರಗೆ ಆರಾಮು. ಮೇಷ್ಟ್ರಿಗೆ ಅದು ಶಿಕ್ಷೆ, ನನಗೆ ರಜ.

ಲ್ಯಾಬ್ ಕೋಟು

@ಕೊನೇ ಬೆಂಚು, ನಿಮ್ಮ 18 ಪರ್ಸೆಂಟ್ ವಿಧಾನ ಗಣಿತವೇ ಸ್ವಾಮಿ, ಅದೂ ಒಳ್ಳೆಯ ಗಣಿತ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಸಂಶೋಧಕರು ಮಾತಾಡಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಯಂತೆ ಹೋಗಿ ಕೇಳಿದಾಗ ಮಕ್ಕಳ ಲೆಕ್ಕ ಶೇ. 98 ಸರಿ. ಅವೇ ಲೆಕ್ಕಗಳನ್ನು ಕಾಗದದಲ್ಲಿ ಬರೀ ಅಂಕಿಯಾಗಿ ಕೊಟ್ಟಾಗ ಶೇ. 37. ತೆಂಗಿನಕಾಯಿ ಮಾರುವ ಹುಡುಗನಿಗೆ ಒಂದಕ್ಕೆ 35ರಂತೆ ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಅವನು ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿ 210, ಇನ್ನೂ ಮೂರು 315, ಒಂದು ಸೇರಿ 350 ಅಂದ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಯ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ ಮಾಡಿದ ಅಧ್ಯಯನ 2025ರಲ್ಲಿ ಬಂದಿದೆ. ಅಲ್ಲೂ ಇದೇ ಕಥೆ. ಇನ್ನೊಂದು ಮಾತೂ ಅದರಲ್ಲಿದೆ, ಶಾಲೆ ಗಣಿತ ಚೆನ್ನಾಗಿ ಬರುವ ಮಕ್ಕಳು ಅಂಗಡಿ ಲೆಕ್ಕದಲ್ಲಿ ತಡವರಿಸುತ್ತಾರೆ. ಎರಡೂ ಕಡೆ ನಷ್ಟ.

ನಲಿಕಲಿ ಟೀಚರ್

@ಒಬ್ಬ ಅಪ್ಪ, ಅಣ್ಣಾ, ನಿಮ್ಮ ಪ್ರಶ್ನೆ ಮಧ್ಯದಲ್ಲೇ ಉಳಿದುಹೋಯಿತು. ಟ್ಯೂಷನ್ ಸೇರಿಸುವ ಮೊದಲು ಒಂದು ಸಂಜೆ ಅವಳ ಹಳೆಯ ಟೆಸ್ಟ್ ಪೇಪರ್‌ಗಳನ್ನು ಹರಡಿಕೊಂಡು ಕೂರಿ. ಮಾರ್ಕ್ಸ್ ನೋಡಬೇಡಿ. ಒಂದು ತಪ್ಪು ಉತ್ತರ ತೋರಿಸಿ "ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು" ಅನ್ನಿ. ಮಧ್ಯೆ ಬಾಯಿ ಹಾಕಬೇಡಿ, ಇದೇ ಕಷ್ಟದ ಕೆಲಸ. ಆರನೇ ಕ್ಲಾಸು ಅಂದರೆ ಭಿನ್ನರಾಶಿ ಇರಬಹುದು. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಅಂತ ಬರೆದಿದ್ದರೆ, ಮೇಲಿನದು ಮೇಲೆ ಕೆಳಗಿನದು ಕೆಳಗೆ ಕೂಡಿಸಿದ್ದಾಳೆ ಅಂತ ಅರ್ಥ. ಅರ್ಧ ದೋಸೆಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದಾ ಅಂತ ಕೇಳಿ. ಅವಳೇ ನಕ್ಕು ತಿದ್ದಿಕೊಳ್ಳುತ್ತಾಳೆ.

ಮಾರ್ಕ್ಸ್ ಜೋರಾಗಿ ಓದುವುದರ ಬಗ್ಗೆ ಶಾಲೆಗೆ ಹೋಗಿ ಮಾತಾಡಿ. ಜಗಳ ಬೇಡ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಅನ್ನುವುದು ನಿಮಗೆ ಗೊತ್ತಿರಲಿ.

ಒಬ್ಬ ಅಪ್ಪ

ತುಂಬಾ ಥ್ಯಾಂಕ್ಸ್ ಮೇಡಂ. ಪೇಪರ್ ತೆಗೆದು ನೋಡಿದೆ, ನೀವು ಹೇಳಿದ ತಪ್ಪೇ ಎರಡು ಕಡೆ ಇದೆ.

ಪ್ರಿಪರೇಟರಿ

ತಡವಾಗಿ ಬಂದೆ. ಎಲ್ಲ ಸರಿ, ಆದರೆ ನನ್ನದು 10ನೇ ಕ್ಲಾಸು. ಫಲಿತಾಂಶ ಕಡಿಮೆ ಬಂದರೆ ಬಿಇಒ ಆಫೀಸಿನಿಂದ ನೋಟಿಸು. ಹಿಂದೆ ಹೋಗಿ ಕಳೆಯುವ ಲೆಕ್ಕ ಹೇಳಿಕೊಡೋಕೆ ಟೈಮ್ ಎಲ್ಲಿದೆ? ವಿಶೇಷ ತರಗತಿಯಲ್ಲೂ ಪ್ಯಾಕೇಜೇ ಓಡಿಸುತ್ತಿದ್ದೇನೆ.

ಬೋರ್ಡು ಡಸ್ಟರ್

@ಪ್ರಿಪರೇಟರಿ, ಪ್ಯಾಕೇಜ್ ಬಿಡಿ ಅಂತ ನಾನು ಹೇಳುವುದಿಲ್ಲ. ಪಾಸಾಗದೆ ಉಳಿದ ಮಗುವಿಗೆ ಆಮೇಲೆ ಯಾವ ದಾರಿಯೂ ಸುಲಭ ಇರುವುದಿಲ್ಲ. ಪ್ಯಾಕೇಜಿನ ಒಳಗೇ ಹಿಂದಿನದ್ದನ್ನು ತುರುಕಬಹುದು. ಎರಡು ಚರಾಕ್ಷರದ ಸಮೀಕರಣಗಳ ಗ್ರಾಫ್ ಹೇಗೂ ಮಾಡಿಸುತ್ತೀರಿ. ಅಲ್ಲಿ ಎಕ್ಸ್‌ಗೆ ಬೆಲೆ ಹಾಕಿ ವೈ ತೆಗೆಯುವಾಗ ಮೈನಸ್ ಸಂಖ್ಯೆ ಬಂದೇ ಬರುತ್ತದೆ. ಮೊದಲ ಹತ್ತು ನಿಮಿಷ ಗ್ರಾಫ್ ಹಾಳೆಯ ಮೇಲೆ ಬರೀ ಸಂಖ್ಯಾರೇಖೆ. −3ರಲ್ಲಿ ನಿಂತು ಎಡಕ್ಕೆ 5 ಹೆಜ್ಜೆ ಹಾಕು, ಎಲ್ಲಿ ಬಂದೆ? ಆ ಹುಡುಗ −8 ಅಂತ ಬೆರಳಿಟ್ಟು ತೋರಿಸಿದ, ಆಮೇಲೆ ತನ್ನ ಹಳೆಯ +8 ನೋಡಿ "ಇದು ಹೆಂಗ್ ಬಂತು ಸರ್?" ಅಂತ ನನ್ನನ್ನೇ ಕೇಳಿದ. ಥೇಲ್ಸ್ ಪ್ರಮೇಯ ಬರೆಸುವಾಗ ದಿನಾ ಅಕ್ಷರ ಬದಲಾಯಿಸಿ, ಕೊನೇ ಬೆಂಚು ಅವರ ಮಾತು ಕೇಳಿದ ಮೇಲೆ ನಾನೂ ಇದನ್ನೇ ಮಾಡುವವನಿದ್ದೇನೆ.

ಬೋರ್ಡಿಗೆ ಕರೆಯುವುದನ್ನು ನಾನು ಬಿಟ್ಟಿದ್ದೇನೆ. ಬದಲಿಗೆ ಚೀಟಿ. ಪೀರಿಯಡ್ ಕೊನೆಗೆ ಎರಡು ಲೆಕ್ಕ, ಒಂದು ಇವತ್ತಿನದು, ಒಂದು ಹಳೆಯದು. ಹೆಸರು ಬರೆಯಬೇಕಾಗಿಲ್ಲ. ಬರಲಿಲ್ಲ ಅಂದರೆ ಎಲ್ಲಿ ನಿಂತಿತು ಅಂತ ಒಂದು ಸಾಲು ಬರೆಯಬೇಕು. ಖಾಲಿ ಚೀಟಿ ಮಾತ್ರ ತೆಗೆದುಕೊಳ್ಳುವುದಿಲ್ಲ. ಮರುದಿನ ಅದರಲ್ಲಿ ಒಂದು ಒಳ್ಳೆಯ ತಪ್ಪನ್ನು ಆರಿಸಿ ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಯಾರದ್ದು ಅಂತ ಕೇಳುವ ಹಾಗಿಲ್ಲ.

ಕಡಕ್ ಚಹಾ

ನಾನು ಇನ್ನೂ ಪೂರ್ತಿ ಒಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿಲ್ಲದ ಚೀಟಿ ಕೊಟ್ಟರೆ ನನ್ನ ಹುಡುಗರು ಸಿನಿಮಾ ಹಾಡು ಬರೆದು ಕೊಡುತ್ತಾರೆ. ಆದರೂ ಕೇಳುತ್ತೇನೆ, ಹೆಸರೇ ಇಲ್ಲದಿದ್ದರೆ ಯಾರಿಗೆ ಸಹಾಯ ಬೇಕು ಅಂತ ನಿಮಗೆ ಗೊತ್ತಾಗುವುದು ಹೇಗೆ?

ಬೋರ್ಡು ಡಸ್ಟರ್

ಹಾಡು ನನಗೂ ಬಂದಿತ್ತು ಸರ್. ಓದಿ ಹೇಳಿದೆ, ನಕ್ಕರು, ಆಮೇಲೆ ನಿಂತಿತು. ಅಕ್ಷರ ನೋಡಿದರೆ ಯಾರದ್ದು ಅಂತ ನಮಗೆ ಗೊತ್ತಾಗದೆ ಇರುತ್ತದಾ, ವರ್ಷಪೂರ್ತಿ ಅದನ್ನೇ ತಿದ್ದುತ್ತೇವೆ. ನಮಗೆ ಗೊತ್ತು ಅಂತ ಅವರಿಗೂ ಗೊತ್ತು. ಪಕ್ಕದವನಿಗೆ ಗೊತ್ತಾಗದಿದ್ದರೆ ಸಾಕು ಅವರಿಗೆ. ವಿಜ್ಞಾನಕ್ಕೆ ಮಾಡುವುದಾದರೆ ವಿದ್ಯುತ್ ಅಧ್ಯಾಯದಿಂದ ಶುರು ಮಾಡಿ ನೋಡಿ. ಓಮ್‌ನ ನಿಯಮದ ಲೆಕ್ಕದಲ್ಲಿ ಅರ್ಧಕ್ಕರ್ಧ ಮಕ್ಕಳು ನಿಲ್ಲುವುದು ಭಾಗಾಕಾರದಲ್ಲೇ.